ಕಾರ್ಖಾನೆ ನಿಂತ ಮೇಲಿನ ಭದ್ರೆ

– ಮಾವ, ನಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರನ್ನು ಕೇಳಿದರೂ ‘ಹೊಳೆ ಈಗ ಎಷ್ಟೋ ವಾಸಿ’ ಅಂತಾರೆ. ಪೇಪರ್ ಮಿಲ್ ನಿಂತ ಮೇಲೆ ನೀರು ತಿಳಿಯಾಯ್ತಂತೆ, ವಾಸನೆ ಹೋಯ್ತಂತೆ. ನೀವೇನಂತೀರಿ?

– ತಿಳಿಯಾಗಿದ್ದು ನಿಜ ಕಣಮ್ಮ. ಆದರೆ ಅದನ್ನ ಸಂತೋಷವಾಗಿ ಹೇಳೋಕೆ ನನಗೆ ಬಾಯಿ ಬರಲ್ಲ. ನೀರು ತಿಳಿಯಾದ ಹೊತ್ತಿಗೇ ಪೇಪರ್ ಟೌನಿನ ಕ್ವಾರ್ಟರ್ಸ್ ಖಾಲಿಯಾದವು. ನಾನು ದುಡಿದಿದ್ದು ಕಬ್ಬಿಣದ ಕಾರ್ಖಾನೆಯಲ್ಲಿ, ಮಿಲ್ಲಿನಲ್ಲಿ ಅಲ್ಲ. ಆದರೂ ಒಂದು ಮನೆಯವರು ಅಲ್ಲಿ, ಪಕ್ಕದ ಮನೆಯವರು ಇಲ್ಲಿ, ಆ ಎರಡು ಸಂಬಳದ ಮೇಲೆ ಇಡೀ ಭದ್ರಾವತಿ ಪೇಟೆ ನಡೀತಿತ್ತು. ಅಣ್ಣನ ಕೆಲಸ ಹೋಗಿ ತಮ್ಮನ ಕಾಯಿಲೆ ವಾಸಿಯಾದರೆ ಮನೆಯವರು ಯಾವ ಮುಖ ಇಟ್ಟುಕೊಂಡು ನಗಬೇಕು?

– ಅದನ್ನ ಮರೆತು ಮಾತಾಡೋಣ ಅಂತ ನಾನು ಹೇಳ್ತಿಲ್ಲ ಮಾವ. ಆದರೆ ಹೊಳೆ ಮಾತು ಬಂದಾಗೆಲ್ಲ ಊರಲ್ಲಿ ಎರಡೇ ಪಕ್ಷ. ಕಾರ್ಖಾನೆ ಇದ್ದಾಗ ಊರು ಬದುಕಿತ್ತು ಅನ್ನೋರು ಒಂದು ಕಡೆ, ಕಾರ್ಖಾನೆ ಹೋಗಿದ್ದಕ್ಕೆ ಹೊಳೆ ಬದುಕಿಕೊಂಡಿತು ಅನ್ನೋರು ಇನ್ನೊಂದು ಕಡೆ. ಹೊಳೆ ಯಾತರಿಂದ ಕೆಟ್ಟಿತು, ಈಗ ಅದರಲ್ಲಿ ಏನಿದೆ ಅಂತ ಇಬ್ಬರೂ ವಿಚಾರಿಸಲ್ಲ. ಎಮ್ಮೆಸ್ಸಿ ಓದುವಾಗ ಶಂಕರಘಟ್ಟದ ಯೂನಿವರ್ಸಿಟಿಗೆ ದಿನಾ ಬಸ್ಸಲ್ಲಿ ಹೋಗ್ತಿದ್ದೆನಲ್ಲ, ಆಗಿಂದ ನನಗಿರೋ ಕೊರಗು ಇದು.

– ಸರಿ, ಮೊದಲಿಂದ ಬಾ ಹಾಗಾದರೆ. ಕಾರ್ಖಾನೆ ಈ ಊರಿಗೇ ಯಾಕೆ ಬಂತು ಹೇಳು ನೋಡೋಣ.

– ಅದಿರು, ಸೌದೆ, ನೀರು ಮೂರೂ ಹತ್ತಿರದಲ್ಲಿ ಇದ್ದಿದ್ದಕ್ಕೆ.

– ಹಾಂ. ಆಗ ಇದು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಅದರ ಸುತ್ತ ನಾಲ್ಕು ಬೀದಿ, ಪಕ್ಕದಲ್ಲಿ ಹೊಳೆ, ಅಷ್ಟೇ. ಮೈಸೂರು ಸರ್ಕಾರ 1918ರಲ್ಲಿ ಕೈ ಹಾಕಿದ ಕೆಲಸ, 1923ರಲ್ಲಿ ಕಬ್ಬಿಣ ಹರೀತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾದರು. ನಷ್ಟದಲ್ಲಿದ್ದ ಕಾರ್ಖಾನೆಯನ್ನ 1929ರವರೆಗೆ ಕೂತು ಎತ್ತಿ ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯಿಂದ ಅದಿರು ಬರ್ತಿತ್ತು. ಕಲ್ಲಿದ್ದಲು ನಮ್ಮ ಸೀಮೆಯಲ್ಲಿ ಎಲ್ಲಿದೆ? ಅದಕ್ಕೇ ಇದ್ದಿಲಿನ ಕುಲುಮೆ. ಕಾಡಿನ ಮರ ಕಡಿದು ತಂದು, ಗಾಳಿ ಆಡದ ಹಾಗೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸೋರು. ಇದ್ದಿಲು ಉಳೀತಿತ್ತು. ಎದ್ದ ಹೊಗೆಯನ್ನ ತಣಿಸಿದರೆ ಮರದ ಸ್ಪಿರಿಟ್ಟು, ಟಾರು ಸಿಗ್ತಿತ್ತು. ಕಾರ್ಖಾನೆಯ ಮೊದಲ ಹೆಸರಲ್ಲೇ ‘ವುಡ್ ಡಿಸ್ಟಿಲೇಷನ್’ ಅಂತ ಇತ್ತು.

– ಅಂದರೆ ಹೊಳೆಗೆ ಕಾರ್ಖಾನೆಯ ಬಿಸಿ ಮೊದಲು ತಟ್ಟಿದ್ದು ಮೇಲಿನ ಕಾಡಿನಲ್ಲಿ. ಕೊಳವೆಯಿಂದ ಬಿದ್ದ ನೀರು ಆಮೇಲಿನ ಮಾತು. ಮಳೆಗಾಲದ ನೀರನ್ನ ಹಿಡಿದಿಟ್ಟುಕೊಂಡು ಬೇಸಿಗೆಗೆ ಬಿಡೋದೇ ಮಲೆನಾಡಿನ ಕಾಡು. ಅದು ಇದ್ದಿಲಾದರೆ ಝರಿ ಬೇಗ ಬತ್ತುತ್ತೆ, ಗುಡ್ಡದ ಮಣ್ಣು ಹೊಳೆಗೆ ಇಳಿಯುತ್ತೆ. ಇದನ್ನ ಯಾರೂ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.

– ಆ ಕಾಲದಲ್ಲಿ ಯಾರು ಬರೀತಿದ್ದರು? ಒಂದು ಸಂಸ್ಥಾನ ಸ್ವಂತ ಕಬ್ಬಿಣ ಮಾಡ್ತು ಅನ್ನೋದೇ ದೊಡ್ಡದು. ಮೂವತ್ತರ ದಶಕದಲ್ಲಿ ಉಕ್ಕು, ಅದರ ಬೆನ್ನಿಗೇ ಸಿಮೆಂಟು. ಜೋಗದ ಕರೆಂಟು ಬಂದ ಮೇಲೆ ವಿದ್ಯುತ್ ಕುಲುಮೆ. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಕೈಗೆ ಹೋಯ್ತು, 1998ರಲ್ಲಿ ಅದರಲ್ಲೇ ಸೇರಿಹೋಯ್ತು. ತಮಿಳರು, ತೆಲುಗರು, ಮಲಯಾಳಿಗಳು ಎಲ್ಲಾ ಬಂದು ಇಲ್ಲಿಯವರೇ ಆದರು. ನಮ್ಮ ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲಾ ಅದರಿಂದಲೇ. ಹೊಳೆ ಬಗ್ಗೆ ಬರೀತೀಯಾದರೆ ಮೊದಲು ಈ ಋಣ ಬರಿ, ಆಮೇಲೆ ಹೊಳೆಯ ಕಷ್ಟ ಬರಿ.

– ಬರೀತೀನಿ. ಆದರೆ ಹೊಳೆಗೆ ಹೆಚ್ಚಿನ ಪೆಟ್ಟು ಕೊಟ್ಟಿದ್ದು ಕಾಗದ. ಕಬ್ಬಿಣ ಅಷ್ಟು ಕೊಡಲಿಲ್ಲ. ಮೈಸೂರು ಪೇಪರ್ ಮಿಲ್ಸ್ 1936ರದ್ದು. ಮೊದಲು ಬಿದಿರು, ಆಮೇಲೆ ನೀಲಗಿರಿ, ಅಕೇಶಿಯಾ, ಕಬ್ಬಿನ ಸಿಪ್ಪೆ. 1981ರಲ್ಲಿ ಸುದ್ದಿಕಾಗದ ಶುರುವಾದ ಮೇಲೆ ಅದರ ಗಾತ್ರವೇ ಬೇರೆಯಾಯ್ತು. ವರ್ಷಕ್ಕೆ 75,000 ಟನ್ ಸುದ್ದಿಕಾಗದ ಮಾಡೋ ಸಾಮರ್ಥ್ಯ. ನಾವು ಬೆಳಿಗ್ಗೆ ಓದಿದ ಪೇಪರ್ ಎಷ್ಟೋ ಸಲ ಈ ಹೊಳೆಯ ನೀರಲ್ಲಿ ತೊಳೆದ ನಾರೇ.

– ನೀರಿನ ಬಣ್ಣ ಕಂದಾಗಿದ್ದು ಅದರಿಂದಲೇ ಅಲ್ವಾ? ಚಹಾ ಬಣ್ಣ, ಮೇಲೆ ನೊರೆ.

– ಹೌದು. ಒಣಗಿದ ಮರದಲ್ಲಿ ಕಾಗದಕ್ಕೆ ಬೇಕಾದ ನಾರು ಸುಮಾರು ಅರ್ಧ ಮಾತ್ರ. ಆ ನಾರನ್ನ ಒಂದಕ್ಕೊಂದು ಅಂಟಿಸಿಟ್ಟಿರೋದು ಲಿಗ್ನಿನ್. ಕಾಸ್ಟಿಕ್ ಸೋಡಾ ಹಾಕಿ ಬೇಯಿಸಿದರೆ ಲಿಗ್ನಿನ್ ಕರಗಿ ಕಪ್ಪು ರಸ ಆಗುತ್ತೆ. ಅದನ್ನ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಟ್ಟು ಸೋಡಾ ವಾಪಸ್ ತಗೋತಾರೆ. ಆದರೆ ತಿರುಳನ್ನ ತೊಳೆದ ನೀರು, ಬಿಳಿಚಿಸಿದ ನೀರು ಉಳೀತಲ್ಲ, ಅದನ್ನ ಹೊಂಡಗಳಲ್ಲಿ ನಿಲ್ಲಿಸಿ, ಗಾಳಿ ಊದಿ, ಸೂಕ್ಷ್ಮಜೀವಿಗಳಿಗೆ ತಿನ್ನಿಸಿ ಆಮೇಲೆ ಬಿಡಬೇಕು. ತೊಂದರೆ ಏನಂದರೆ ಲಿಗ್ನಿನ್ನನ್ನ ಆ ಜೀವಿಗಳು ಸುಲಭವಾಗಿ ತಿನ್ನಲ್ಲ. ಸಂಸ್ಕರಿಸಿ ಬಿಟ್ಟ ನೀರಿಗೂ ಬಣ್ಣ ಇದ್ದೇ ಇರುತ್ತೆ. ಬಣ್ಣದ ನೀರಿನ ತಳಕ್ಕೆ ಬಿಸಿಲು ಇಳಿಯಲ್ಲ. ಬಿಸಿಲಿಲ್ಲದಿದ್ದರೆ ಪಾಚಿ ಬೆಳೆಯಲ್ಲ, ಅದನ್ನ ನಂಬಿದ ಹುಳುವಿಲ್ಲ, ಹುಳುವನ್ನ ನಂಬಿದ ಮೀನಿಲ್ಲ. ನೀರಲ್ಲಿದ್ದ ಆಮ್ಲಜನಕವೂ ಆ ಕೊಳೆ ಕರಗಿಸೋಕೇ ಖರ್ಚಾಗುತ್ತೆ.

– ಹೊಳೆಹೊನ್ನೂರಿನ ಕಡೆಯ ನೆಂಟರು ನಮ್ಮನ್ನ ಕಂಡಾಗೆಲ್ಲ ‘ನಿಮ್ಮೂರಿನ ನೀರು ನಮಗೆ’ ಅನ್ನೋರು. ಕೆಳಗಿನವರ ಕಷ್ಟ ಮೇಲಿನವರಿಗೆ ತಟ್ಟಲ್ಲ ಕಣಮ್ಮ.

– ಕೆಳಗಿನವರು ಗಟ್ಟಿಯಾಗಿ ಎದ್ದಿದ್ದು ಇನ್ನೂ ಕೆಳಗೆ. ಕೂಡ್ಲಿಯಲ್ಲಿ ತುಂಗೆ ಸೇರಿದ ಮೇಲೆ ಹರಿಹರದ ಹತ್ತಿರ ಕುಮಾರಪಟ್ಟಣಂ ಇದೆಯಲ್ಲ, ಅಲ್ಲಿ ಪಾಲಿಫೈಬರ್ಸ್ ಕಾರ್ಖಾನೆಯ ನೀರಿನ ವಿರುದ್ಧ ಎಂಬತ್ತರ ದಶಕದಲ್ಲಿ ಎಸ್.ಆರ್. ಹಿರೇಮಠರು, ಅವರ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿದರು. ಅದೇ ಜನ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ತಿರುಳಿಗಾಗಿ ನೆಟ್ಟ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚೋದು. ಹೊಳೆಯ ಹೋರಾಟ, ಕಾಡಿನ ಹೋರಾಟ ಬೇರೆಬೇರೆ ಅಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು. ನಮ್ಮ ಕಡೆ ಅದು ತಡವಾಗಿ ಬಂತು. 2020ರಲ್ಲಿ ಪೇಪರ್ ಮಿಲ್ಲಿನ ನೆಡುತೋಪುಗಳ ಗುತ್ತಿಗೆ ಮುಗಿದಾಗ ಮಲೆನಾಡಿನ ಊರೂರಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಜನ ಎದ್ದರು. ಮಿಲ್ಲು ನಿಂತು ವರ್ಷಗಳಾದರೂ ಗುಡ್ಡದ ಮೇಲೆ ಅದರ ತೋಪು ಹಾಗೇ ಇತ್ತಲ್ಲ.

– ಇನ್ನೊಂದು ಮರೀಬೇಡ. ಮಳೆಗಾಲದಲ್ಲಿ ಮೇಲಿಂದ ಬರ್ತಿದ್ದ ಕೆಂಪು ಕೆಸರು.

– ಕುದುರೆಮುಖ. ಭದ್ರೆ ಹುಟ್ಟೋ ಸೀಮೆಯಲ್ಲೇ ಅದಿರು ಅಗೆದರು. ಅಲ್ಲಿ ಬೀಳೋ ಮಳೆಗೆ ಬೋಳು ಗುಡ್ಡ ಎಷ್ಟು ಹೊತ್ತು ತಡೆಯುತ್ತೆ? ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಕುದುರೆಮುಖ ನಿಂತಿದ್ದು ಜನ ಕೇಳಿದ್ದಕ್ಕೆ, ಕೋರ್ಟು ಹೇಳಿದ್ದಕ್ಕೆ. ಪೇಪರ್ ಮಿಲ್ ನಿಂತಿದ್ದು ನಷ್ಟಕ್ಕೆ. 2015–16ರ ಹೊತ್ತಿಗೆ ಯಂತ್ರಗಳು ನಿಂತವು, ಅದರ ಜೊತೆಗೆ ಕಂದು ನೀರೂ ನಿಂತಿತು. ಹೊಳೆ ಉಳಿಸಬೇಕು ಅಂತ ಯಾರೂ ನಿಲ್ಲಿಸಲಿಲ್ಲ. ಅದಕ್ಕೇ ನಾನು ಇದನ್ನ ಪುನರುಜ್ಜೀವನ ಅಂತ ಕರೆಯಲ್ಲ. ಹೊಳೆಗೆ ಸಿಕ್ಕ ಬಿಡುವು ಅಷ್ಟೇ.

– ಬಿಡುವಾದರೂ ಸಿಕ್ಕಿತಲ್ಲ. ಮತ್ತೇನು ನಿನ್ನ ಕೊರಗು?

– ಹೇಳ್ತೀನಿ ಕೇಳಿ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕಲುಷಿತ ನದಿಭಾಗಗಳ ಪಟ್ಟಿ ಹೊರಡಿಸಿತು. ಒಟ್ಟು 351. ಕರ್ನಾಟಕದ್ದು 17. ಆ ಹದಿನೇಳರಲ್ಲಿ ಭದ್ರೆ ಇದ್ದಾಳೆ, ತುಂಗೆ ಇದ್ದಾಳೆ, ಕೂಡಿ ಹರಿದ ತುಂಗಭದ್ರೆಯೂ ಇದ್ದಾಳೆ. ಪೇಪರ್ ಮಿಲ್ ಅಷ್ಟು ಹೊತ್ತಿಗೆ ನಿಂತಾಗಿತ್ತು ಮಾವ.

– ಹಾಗಾದರೆ ಯಾರದ್ದು ಆ ಕೊಳೆ?

– ನಮ್ಮದು. ನಮ್ಮ ಬಚ್ಚಲು, ಪಾಯಿಖಾನೆ, ಹೋಟೆಲು, ಛತ್ರ, ಆಸ್ಪತ್ರೆ, ಮಾರ್ಕೆಟ್ಟು. 2011ರ ಜನಗಣತಿಯಲ್ಲೇ ಭದ್ರಾವತಿಯಲ್ಲಿ ಒಂದೂವರೆ ಲಕ್ಷ ಜನ. ಈ ಊರಿನ ದೊಡ್ಡ ಚರಂಡಿಗಳು ಕೊನೆಗೆ ಎಲ್ಲಿ ಮುಟ್ಟುತ್ತವೆ ಅಂತ ಒಂದು ದಿನ ಹಿಂದೆ ಹಿಂದೆ ನಡೆದು ನೋಡಿ. ಮಂಡಳಿ ಅಳೆಯೋದು ಬಿಒಡಿ. ನೀರಲ್ಲಿರೋ ಕೊಳೆಯನ್ನ ಅರಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ನೀರು ಸ್ನಾನಕ್ಕೂ ಸರಿಯಿಲ್ಲ ಅಂತ ಅರ್ಥ.

– ಆದರೂ ನಾವು ಬಿಡೋ ಬಚ್ಚಲು ನೀರನ್ನ ಮಿಲ್ಲಿನ ನೀರಿಗೆ ಹೋಲಿಸ್ತೀಯಾ? ಬಡವರ ಮನೆಯ ಚರಂಡಿ ಅದು.

– ಎರಡೂ ಬೇರೆ ಥರದ ಕೇಡು. ಮಿಲ್ಲಿನ ನೀರಿನ ಬಣ್ಣ ದೂರದಿಂದ ಕಾಣ್ತಿತ್ತು, ವಾಸನೆ ಬರ್ತಿತ್ತು, ದೂರು ಕೊಡೋಕೆ ಒಂದು ಗೇಟು ಇತ್ತು. ಚರಂಡಿ ನೀರು ಹೊಳೆಗೆ ಬಿದ್ದು ಸ್ವಲ್ಪ ಮುಂದೆ ಹೋದರೆ ಕಣ್ಣಿಗೆ ಏನೂ ಕಾಣಲ್ಲ, ತಿಳಿಯಾಗೇ ಇರುತ್ತೆ. ಒಳಗೆ ಮಲದ ಬ್ಯಾಕ್ಟೀರಿಯಾ ಇರುತ್ತೆ. ಮಗು ಮುಳುಗು ಹಾಕಿ ಎದ್ದಾಗ ಬಾಯಿಗೆ ಹೋಗೋದು ಅದೇ. ಬಡವರ ತಪ್ಪು ಅಂತ ನಾನು ಹೇಳ್ತಿಲ್ಲ. ಒಳಚರಂಡಿ ಹಾಕೋದು, ಶುದ್ಧೀಕರಣ ಘಟಕ ನಡೆಸೋದು ಬಡವರ ಕೈಲಿಲ್ಲ, ನಗರಸಭೆಯ ಕೈಲಿದೆ. ಘಟಕ ಕಟ್ಟಿದರಷ್ಟೇ ಸಾಲದು. ಮನೆಮನೆಯ ಪೈಪು ಅದಕ್ಕೆ ಸೇರಬೇಕು, ಕರೆಂಟಿಗೆ ದುಡ್ಡಿರಬೇಕು, ನೋಡಿಕೊಳ್ಳೋಕೆ ಕೆಲಸ ಬಲ್ಲ ಜನ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೊಳೆ ಹೊಳೆಗೇ.

– ಹೊಳೆಯಲ್ಲಿ ನೀರು ಜೋರಾಗಿದ್ದರೆ ಅದೇ ತೊಳೆದುಕೊಂಡು ಹೋಗುತ್ತೆ ಅಂತ ನಮ್ಮಪ್ಪ ಹೇಳೋರು.

– ಅವರ ಕಾಲಕ್ಕೆ ಸರಿ. ಈಗ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಇದೆ. 71 ಟಿಎಂಸಿಗೂ ಮೀರಿ ಹಿಡಿಯುತ್ತೆ. ಅಲ್ಲಿಂದ ಎಡದಂಡೆ, ಬಲದಂಡೆ ನಾಲೆ. ಇತ್ತ ಕಡೆ ಗೋಂದಿ ಅಣೆಕಟ್ಟು, ಅದಕ್ಕೂ ನಾಲೆ. ದಾವಣಗೆರೆವರೆಗಿನ ಗದ್ದೆ, ತೋಟ ಆ ನೀರಲ್ಲೇ ಬೆಳೆಯೋದು. ಭದ್ರಾ ಮೇಲ್ದಂಡೆಯಿಂದ ಚಿತ್ರದುರ್ಗ, ತುಮಕೂರಿನ ಒಣಭೂಮಿಗೂ ಹೋಗಬೇಕು. ಅವರಿಗೆ ನೀರು ಬೇಡ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ? ಆದರೆ ಬೇಸಿಗೆಯಲ್ಲಿ ನಮ್ಮ ಸೇತುವೆ ಕೆಳಗೆ ಹರಿಯೋದು ಅಣೆಕಟ್ಟಿನವರು ಬಿಟ್ಟಷ್ಟೇ. ಆ ತೆಳು ನೀರಿಗೆ ಇಡೀ ಊರಿನ ಚರಂಡಿ ಬೀಳುತ್ತೆ. ಮಳೆಗಾಲದಲ್ಲಿ ಅಣೆಕಟ್ಟು ತುಂಬಿ ಗೇಟು ಎತ್ತಿದರೆ ಹೊಸ ಸೇತುವೆ ಮುಳುಗಿ, ಕವಲಗುಂದಿಯ ಮನೆಗಳಿಗೆ ನೀರು ನುಗ್ಗುತ್ತೆ. ಒಂದೇ ಹೊಳೆ, ಒಮ್ಮೆ ಪ್ರವಾಹ, ಇನ್ನೊಮ್ಮೆ ಕೊರತೆ.

– ಕವಲಗುಂದಿಯವರ ಪಾಡು ನೋಡೋಕಾಗಲ್ಲ. ಗಂಟು ಕಟ್ಟಿಕೊಂಡು ಗಂಜಿ ಕೇಂದ್ರಕ್ಕೆ ಹೋಗಬೇಕು, ನೀರು ಇಳಿದ ಮೇಲೆ ಕೆಸರು ಬಳಿದು ಮತ್ತೆ ಸಂಸಾರ ಹೂಡಬೇಕು. ಅದಿರಲಿ. ಶಿವಮೊಗ್ಗಕ್ಕೆ ಹೋದಾಗ ತುಂಗೆಯ ಉತ್ತರ ದಂಡೆಯಲ್ಲಿ ಸ್ಮಾರ್ಟ್ ಸಿಟಿಯವರು ಮಾಡಿದ ದಾರಿಯಲ್ಲಿ ನಡೆದು ಬಂದೆ. ಎಷ್ಟು ಚೆನ್ನಾಗಿದೆ! ಸಂಜೆ ಹೆಂಗಸರು, ಮಕ್ಕಳು, ನನ್ನಂಥ ಮುದುಕರು. ನಮಗೂ ಅಂಥದ್ದೊಂದು ಆದರೆ ಹೊಳೆ ಕಡೆ ಜನ ಮುಖ ಮಾಡ್ತಾರೆ ಅನ್ನಿಸಿತು.

– ನನಗೂ ಅದು ಬೇಕು ಮಾವ. ಜನ ದಿನಾ ನೋಡೋ ಹೊಳೆಗೆ ಕಸ ಸುರಿಯೋಕೆ ಕೈ ಹೆದರುತ್ತೆ, ಅದು ನಿಜವಾದ ಲಾಭ. ಶಿವಮೊಗ್ಗದವರು ಮೊದಲಿಂದಲೂ ಹೊಳೆಯನ್ನ ಪ್ರೀತಿಸಿದವರು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಊರಿಗೂರೇ ನೋಡೋಕೆ ಹೋಗುತ್ತೆ, ಬಾಗಿನ ಬಿಡ್ತಾರೆ. ಆದರೆ ಅದೇ ತುಂಗೆ ಆ ಹದಿನೇಳರ ಪಟ್ಟಿಯಲ್ಲಿ ಇರೋದನ್ನ ನೆನಪಿಡಿ. ದಂಡೆ ಮೇಲೆ ಕಲ್ಲುಹಾಸು, ದೀಪ, ಬೆಂಚು ಹಾಕಿದರೆ ನಡೆಯೋರಿಗೆ ಸುಖ. ಹೊಳೆಯ ಒಳಗೆ ಬದುಕೋದಕ್ಕೆ ಅದರಿಂದ ಏನೂ ಸಿಗಲ್ಲ.

– ಒಳಗೆ ಬದುಕೋದು ಅಂದರೆ ಮೀನಾ?

– ಮೀನು, ಆಮೆ, ನೀರುನಾಯಿ. ನೀರುನಾಯಿಗೆ ಮರದ ಬೇರಿನ ಸಂದು, ಬಂಡೆಯ ಪೊಟರೆ, ಕೂತು ಮೀನು ತಿನ್ನೋಕೆ ಮರಳ ದಿಬ್ಬ ಬೇಕು. ದಂಡೆಯ ಹೊಳೆಮತ್ತಿ, ಅತ್ತಿ, ಹೊಂಗೆ, ಲಕ್ಕಿಗಿಡ ಕಡಿದು ಕಾಂಕ್ರೀಟ್ ಗೋಡೆ ಎಬ್ಬಿಸಿದರೆ, ಹೊಳೆಯ ಮರಳು ಬಾಚಿದರೆ ಅದು ಎಲ್ಲಿರಬೇಕು? ಕೊಪ್ಪಳ–ಬಳ್ಳಾರಿ ಕಡೆ ತುಂಗಭದ್ರೆಯ ಒಂದು ಭಾಗವನ್ನ ನೀರುನಾಯಿಗೆ ಅಂತಲೇ ಸರ್ಕಾರ ಸಂರಕ್ಷಿತ ಪ್ರದೇಶ ಮಾಡಿದೆ, 2015ರಲ್ಲಿ. ಇತ್ತ ಲಕ್ಕವಳ್ಳಿ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದು ನಡುಗಡ್ಡೆ ತೇಲಿದಾಗ ರಿವರ್ ಟರ್ನ್ ಹಕ್ಕಿಗಳು ದಂಡು ದಂಡಾಗಿ ಬಂದು ಬರೀ ನೆಲದ ಮೇಲೆ ಮೊಟ್ಟೆ ಇಡ್ತವೆ. ಅದನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಹೊಳೆಯ ಮೇಲಿನ ಭಾಗ ಇನ್ನೂ ಗಟ್ಟಿಯಾಗಿದೆ ಮಾವ, ಪಕ್ಕದಲ್ಲೇ ಭದ್ರಾ ಹುಲಿ ಮೀಸಲು ಅರಣ್ಯ ಇದೆ. ಕೆಡೋದು ಊರು ದಾಟುವಾಗ. ಊರೊಳಗಿನ ಅಷ್ಟು ದೂರವನ್ನ ಸರಿ ಮಾಡಿದರೆ ಮೇಲಿನ ಜೀವ ಕೆಳಗೆ ತಾನೇ ಇಳಿದು ಬರುತ್ತೆ.

– ಬೇರೆ ದೇಶದಲ್ಲಿ ಎಲ್ಲಾದರೂ ಹಾಗೆ ಆಗಿದೆಯಾ? ಕಬ್ಬಿಣದ ಊರಲ್ಲಿ?

– ಆಗಿದೆ. ಜರ್ಮನಿಯ ರೂರ್ ಸೀಮೆಯಲ್ಲಿ ಎಂಶರ್ ಅಂತ ಹೊಳೆ. ಅಲ್ಲಿ ನೆಲದಡಿ ಕಲ್ಲಿದ್ದಲು ಅಗೆದಿದ್ದಕ್ಕೆ ನೆಲ ಕುಸೀತಿತ್ತು, ಒಳಚರಂಡಿ ಹಾಕಿದರೆ ಒಡೆದುಹೋಗ್ತಿತ್ತು. ಹಾಗಾಗಿ ಹೊಳೆಯನ್ನೇ ಕಾಂಕ್ರೀಟ್ ಚರಂಡಿ ಮಾಡಿಬಿಟ್ಟರು, ತಲೆಮಾರುಗಟ್ಟಲೆ. ಗಣಿಗಾರಿಕೆ ಇಳಿದ ಮೇಲೆ, 1992ರಲ್ಲಿ ಕೆಲಸಕ್ಕೆ ಇಳಿದರು. ನೆಲದಡಿ 51 ಕಿಲೋಮೀಟರ್ ಕೊಳಚೆ ಸುರಂಗ ಕೊರೆದು, ಹೊಳೆಗೆ ಕೊಳಚೆ ಬೀಳೋದು ಪೂರ್ತಿ ನಿಂತಿದ್ದು 2021ರ ಕೊನೆಗೆ. ಸುಮಾರು ಮೂವತ್ತು ವರ್ಷ. ಕಾಂಕ್ರೀಟ್ ಕಿತ್ತು ಹೊಳೆಗೆ ಮತ್ತೆ ಓರೆಕೋರೆ ದಂಡೆ ಕೊಟ್ಟರು, ಪಕ್ಕದಲ್ಲಿ ಸೈಕಲ್ ದಾರಿ ಮಾಡಿದರು. ಅದೇ ಸೀಮೆಯ ಡುಯಿಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನ ಒಡೆಯದೆ 1994ರಲ್ಲಿ ಸಾರ್ವಜನಿಕ ಉದ್ಯಾನ ಮಾಡಿದರು. ಬ್ಲಾಸ್ಟ್ ಫರ್ನೇಸಿನ ಮೇಲಕ್ಕೆ ಜನ ಹತ್ತಿ ನೋಡ್ತಾರೆ. ಗ್ಯಾಸ್ ಟ್ಯಾಂಕಿಗೆ ನೀರು ತುಂಬಿಸಿ ಡೈವಿಂಗ್ ಕಲಿಸ್ತಾರೆ.

– ನಿಲ್ಲು ನಿಲ್ಲು. ನಮ್ಮ ಕಾರ್ಖಾನೆಯನ್ನ ಈಗಲೇ ಮ್ಯೂಸಿಯಂ ಮಾಡಬೇಡ. 2023ರ ಜನವರಿಯಲ್ಲಿ ಮುಚ್ಚುತ್ತೀವಿ ಅಂದಾಗ ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು. ಆಮೇಲೆ ಒಂದಿಷ್ಟು ಭಾಗ ಮತ್ತೆ ಓಡಿತು. 2024ರಲ್ಲಿ ಉಕ್ಕು ಸಚಿವರೇ ಬಂದು ನೋಡಿಹೋದರು. ಅದು ಇನ್ನೂ ಸತ್ತಿಲ್ಲ ಕಣಮ್ಮ. ಹೊಳೆ ಚೆನ್ನಾಗಿರಬೇಕಾದರೆ ಕಾರ್ಖಾನೆ ಸಾಯಲೇಬೇಕು ಅಂತ ನೀನು ಬರೆದರೆ ನಾನು ಒಪ್ಪಲ್ಲ.

– ನಾನೂ ಬರೆಯಲ್ಲ. ಕಾರ್ಖಾನೆ ಮತ್ತೆ ಉರಿಯಲಿ, ನಮ್ಮ ಹುಡುಗರು ಬೆಂಗಳೂರಿಗೆ ಬಸ್ ಹತ್ತೋದು ನಿಲ್ಲಲಿ. ಬಳಸಿದ ನೀರನ್ನ ಹೊಳೆಗೆ ಬಿಡದೆ ಒಳಗೇ ಶುದ್ಧ ಮಾಡಿ ತಿರುಗಾ ಬಳಸೋದು ಇವತ್ತು ಉಕ್ಕಿನ ಕಾರ್ಖಾನೆಗೆ ಆಗದ ಕೆಲಸವಲ್ಲ. ಅದನ್ನ ಮೊದಲ ದಿನದಿಂದಲೇ ಕರಾರಿನಲ್ಲಿ ಬರೆಸಬೇಕು. ಕಾಗದದ ಮಿಲ್ಲಿಗೂ ಅದೇ ಮಾತು. ಕಾರ್ಮಿಕರ ಸಂಘವೇ ಆ ಕರಾರನ್ನ ಕೇಳಿದರೆ ಇನ್ನೂ ಒಳ್ಳೆಯದು, ಯಾಕಂದರೆ ಕಾರ್ಮಿಕರ ಮನೆಯವರು ಕುಡಿಯೋದೂ ಇದೇ ಹೊಳೆಯ ನೀರು.

– ಅದು ಸರಿಯಾದ ಮಾತು. ನಮ್ಮ ಕಾಲದಲ್ಲಿ ಬೋನಸ್ಸಿಗೆ ಸ್ಟ್ರೈಕ್ ಮಾಡಿದ್ವಿ, ಕ್ಯಾಂಟೀನ್ ಊಟಕ್ಕೂ ಮಾಡಿದ್ವಿ. ನೀರಿಗಾಗಿ ಒಂದು ದಿನವೂ ಗೇಟಿನ ಮುಂದೆ ನಿಲ್ಲಲಿಲ್ಲ. ಸರಿ, ಈಗ ಏನು ಮಾಡೋಣ ಅಂತೀಯ? 2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ’ ಅಂತ ಶೃಂಗೇರಿಯಿಂದ ಪಾದಯಾತ್ರೆ ಮಾಡಿದರಲ್ಲ, ಅಂಥದ್ದಾ?

– ಪಾದಯಾತ್ರೆಯಿಂದ ಜನರ ಕಣ್ಣು ಹೊಳೆ ಕಡೆ ತಿರುಗುತ್ತೆ, ನಡೆದವರಿಗೆ ನನ್ನ ನಮಸ್ಕಾರ. ನಮ್ಮ ಊರಿನ ಕೆಲಸ ಅದಕ್ಕಿಂತ ಸಣ್ಣದು. ಓಲ್ಡ್ ಟೌನಿನಿಂದ ಹೊಳೆಗೆ ಬೀಳೋ ಪ್ರತಿ ಚರಂಡಿಯನ್ನೂ ನಡೆದು ಗುರುತು ಮಾಡಿ, ವಾರ್ಡುವಾರು ನಕ್ಷೆ ಬರೆದು, ಒಂದೊಂದಕ್ಕೂ ಯಾವಾಗ ಪೈಪು ಸೇರಿಸ್ತೀರಿ ಅಂತ ನಗರಸಭೆಗೆ ಬರವಣಿಗೆಯಲ್ಲಿ ಕೇಳೋದು. ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯ ಅಂಕಿಯನ್ನ ಸೇತುವೆ ಹತ್ತಿರ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಸೋದು. ದಂಡೆಯ ಮೇಲೆ ಏನೇ ಕಟ್ಟಲಿ, ಈಗಿರೋ ಒಂದು ಮರವನ್ನೂ ಮುಟ್ಟಬಾರದು ಅನ್ನೋದು. ವಾಕಿಂಗ್ ದಾರಿ ಬೇಕೇ ಬೇಕು, ಆದರೆ ಚರಂಡಿ ತಿರುಗಿಸಿದ ಮೇಲೆ ಅದರ ಟೆಂಡರ್ ಕರೆಯಲಿ.

– ಹೊಳೆಗೆ ಮಕ್ಕಳು ಇಳಿದು ಈಜೋ ಹಾಗೆ ಆಗಬೇಕು ಅಂತಲೂ ಸೇರಿಸು. ನಾವೆಲ್ಲ ಈಜು ಕಲಿತಿದ್ದು ಅಲ್ಲೇ. ಈಗಿನವು ಹೊಳೆ ಪಕ್ಕದಲ್ಲೇ ಹುಟ್ಟಿ ಈಜು ಬರದೆ ಬೆಳೀತಿವೆ.

– ಸೇರಿಸ್ತೀನಿ. ಈಜೋ ನೀರು ಅಂತ ಬರೆದರೆ ಅದಕ್ಕೆ ಮಂಡಳಿಯ ಅಳತೆಯೇ ಇದೆ. ಬಿಒಡಿ 3ರ ಒಳಗಿರಬೇಕು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗೆ ಕಡಿಮೆ ಇರಬಾರದು. ಯಾರೂ ಬಾಯಿಮಾತಲ್ಲಿ ‘ಹೊಳೆ ವಾಸಿಯಾಯ್ತು’ ಅಂತ ಸಾಗಹಾಕೋಕಾಗಲ್ಲ. ಅರ್ಜಿ ನಾನು ಬರೀತೀನಿ ಮಾವ. ಕಾರ್ಖಾನೆಯಿಂದ ನಿವೃತ್ತರಾದ ನಿಮ್ಮ ಸ್ನೇಹಿತರಿಂದ ಸಹಿ ಮಾಡಿಸಿಕೊಡಿ. ಕಾರ್ಖಾನೆ ಕಟ್ಟಿದ ಜನವೇ ಹೊಳೆಗಾಗಿ ಕೇಳಿದರೆ ನಗರಸಭೆ ಇಲ್ಲ ಅನ್ನೋಕಾಗಲ್ಲ. ಮೊದಲನೇ ಸಹಿ ನಿಮ್ಮದೇ ಇರಲಿ.